ನೆಲದಲ್ಲಿ ಕೂರುವವರಿಗೊಂದು ಕೋಣೆ

ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್ ಸುತ್ತಮುತ್ತಲಿನ ಯಾವ ಕನ್ನಡದವರ ಮನೆಗೆ ಹೋದರೂ, ಚಳಿಗಾಲದಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರು ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತಾರೆ. ಸೀರೆಯ ಮೇಲೊಂದು ಸ್ವೆಟರ್, ಸ್ವೆಟರಿನ ಮೇಲೊಂದು ಶಾಲು, ಕಾಲಿಗೆ ಎರಡೆರಡು ಜೊತೆ ಉಣ್ಣೆಯ ಕಾಲುಚೀಲ. ಗೋಡೆಯ ಥರ್ಮೋಸ್ಟಾಟ್ ಮಾತ್ರ 72 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನ 22, ತೋರಿಸುತ್ತಿರುತ್ತದೆ, ಮೊಮ್ಮಕ್ಕಳು ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿರುತ್ತಾರೆ. "ಮನೆ ಬೆಚ್ಚಗೇ ಇದೆಯಲ್ಲಮ್ಮಾ" ಅಂದರೆ ನಮ್ಮಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ನಿನ್ನ ತಲೆ ಇರೋ ಕಡೆ ಬೆಚ್ಚಗಿದ್ದೀತು. ನಂಗೆ ಕಾಲು ಕೊರೀತದೆ." ಈ ಮಾತನ್ನು ನಾವೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ವಯಸ್ಸಾದವರಿಗೆ ರಕ್ತ ಓಡಾಡುವುದು ಕಮ್ಮಿ, ಅಭ್ಯಾಸವಿಲ್ಲ, ಸೋಫಾದಲ್ಲಿ ಕೂರಿ ಅಂದರೆ ಕೇಳುವುದಿಲ್ಲ, ಹೀಗೆ. ಅಮ್ಮ ಹೇಳುತ್ತಿದ್ದದ್ದು ನೆಲದ ಬಗ್ಗೆ. ಮತ್ತು ಅವಳು ಹೇಳಿದ್ದು ಅಕ್ಷರಶಃ ನಿಜ.

ಅಳೆದು ನೋಡಬಹುದಾದ ನಿಜ ಅದು. ಜನವರಿಯ ಒಂದು ಬೆಳಗ್ಗೆ, ಹೊರಗೆ ಸೊನ್ನೆಗಿಂತ ಕೆಳಗಿದ್ದಾಗ, ಅವರು ಮಲಗುತ್ತಿದ್ದ ಕೋಣೆಯ ನೆಲಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಕೋಣೆ ಗ್ಯಾರೇಜಿನ ಮೇಲಿದೆ. ನನ್ನ ಮುಖದ ಎತ್ತರದಲ್ಲಿ ಗೋಡೆ 71 ತೋರಿಸಿತು, ನೆಲ 60. ಇಲ್ಲಿನ ಮನೆಗಳಲ್ಲಿ ಬೇಸ್‌ಮೆಂಟಿನ ಫರ್ನೇಸ್ ಗಾಳಿಯನ್ನು ಕಾಯಿಸಿ ಡಕ್ಟುಗಳಲ್ಲಿ ತಳ್ಳುತ್ತದೆ. ಬಿಸಿ ಗಾಳಿ ಜಾಲರಿಯಿಂದ ಹೊರಬಿದ್ದ ತಕ್ಷಣ ಸೂರಿನತ್ತ ಏರುತ್ತದೆ. ಥರ್ಮೋಸ್ಟಾಟ್ ಇರುವುದು ನೆಲದಿಂದ ಐದು ಅಡಿ ಮೇಲೆ. ಅದಕ್ಕೆ ಸಮಾಧಾನವಾದರೆ ಫರ್ನೇಸ್ ನಿಲ್ಲುತ್ತದೆ. ಕುರ್ಚಿಯಲ್ಲಿ ಕೂರುವವರಿಗೆ, ಮಂಚದ ಮೇಲೆ ಮಲಗುವವರಿಗೆ, ಮನೆಯೊಳಗೂ ಕಾಲಿಗೆ ಏನಾದರೂ ಮೆಟ್ಟಿಕೊಂಡು ಓಡಾಡುವವರಿಗೆ ಈ ಏರ್ಪಾಡು ಸಾಕು. ನಮ್ಮಮ್ಮನ ದಿನದ ಅರ್ಧ ಕಳೆಯುವುದು ನೆಲದಿಂದ ಒಂದಡಿ ಎತ್ತರದೊಳಗೆ. ಮೆಟ್ಟುಗತ್ತಿ ಮುಂದಿಟ್ಟುಕೊಂಡು ತರಕಾರಿ ಹೆಚ್ಚುವುದು, ಬತ್ತಿ ಹೊಸೆಯುವುದು, ಫೋನಿನಲ್ಲಿ ಸಾಗರದ ತಂಗಿಯ ಹತ್ತಿರ ಗಂಟೆಗಟ್ಟಲೆ ಮಾತಾಡುವುದು, ಎಲ್ಲ ಅಲ್ಲೇ. ಅಪ್ಪನ ಸಂಧ್ಯಾವಂದನೆ ಮಣೆಯ ಮೇಲೆ, ಮಧ್ಯಾಹ್ನದ ನಿದ್ದೆ ಚಾಪೆಯ ಮೇಲೆ. ಮನೆಯ ಅತ್ಯಂತ ತಣ್ಣನೆಯ ಪದರದಲ್ಲಿ ಅವರಿಬ್ಬರೂ ಬದುಕುತ್ತಿದ್ದರು, ಮನೆಯ ಯಂತ್ರಕ್ಕೆ ಆ ಪದರ ಕಾಣುತ್ತಲೇ ಇರಲಿಲ್ಲ.

ಆರು ತಿಂಗಳಿಗೊಮ್ಮೆ ಬಂದು ಹೋಗುವುದು ಮುಗಿದು, ಇನ್ನು ಇಲ್ಲೇ ಇರುತ್ತೇವೆ ಅಂತ ಅವರು ಒಪ್ಪಿಕೊಂಡ ವರ್ಷ ಮನೆಯ ಹಿಂಭಾಗಕ್ಕೆ ಒಂದು ಕೋಣೆ, ಒಂದು ಬಚ್ಚಲು ಸೇರಿಸುವುದು ಅಂತಾಯಿತು. 320 ಚದರಡಿ, ಮೆಟ್ಟಿಲಿಲ್ಲ, ಹೊಸಿಲಿಲ್ಲ. ಕಾಂಟ್ರಾಕ್ಟರ್ ತಂದ ಮೊದಲ ನಕ್ಷೆಯಲ್ಲಿ ಹಳೆಯ ಡಕ್ಟಿನಿಂದ ಒಂದು ಕವಲು ಎಳೆದು ಎರಡು ಜಾಲರಿ ಬರೆದಿದ್ದರು. ಫರ್ನೇಸಿನಿಂದ ಅಷ್ಟು ದೂರ ಹೋಗುವಷ್ಟರಲ್ಲಿ ಗಾಳಿ ಬಿಸಿ ಕಳೆದುಕೊಂಡಿರುತ್ತದೆ, ಇನ್ನೊಂದು ಗ್ಯಾರೇಜ್ ಕೋಣೆ ಆಗುತ್ತದೆ. ನಾನು ನೆಲವನ್ನೇ ಕಾಯಿಸೋಣ ಅಂದೆ. ನೆಲದ ಕಾಂಕ್ರೀಟಿನೊಳಗೆ ಕೊಳವೆ ಹುದುಗಿಸಿ, ಅದರಲ್ಲಿ ಬಿಸಿನೀರು ಹರಿಸುವುದು. ಇಲ್ಲಿ ಅದೇನೂ ಅಪರೂಪವಲ್ಲ. ಗ್ಯಾರೇಜಿಗೆ, ವರ್ಕ್‌ಶಾಪಿಗೆ, ಕಾರು ತೊಳೆಯುವ ಜಾಗಕ್ಕೆ ಹಾಕಿಸುವವರು ಬೇಕಾದಷ್ಟು ಜನ ಇದ್ದಾರೆ. ಇಬ್ಬರು ವಯಸ್ಸಾದವರು ಕೂತೇಳುವ ಕೋಣೆಗೆ ಯಾಕೆ ಅಂತ ಕಾಂಟ್ರಾಕ್ಟರ್ ಕೇಳಿದಾಗ, ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದ ಅಮ್ಮನನ್ನು ತೋರಿಸಿದೆ. ಮತ್ತೆ ಪ್ರಶ್ನೆ ಬರಲಿಲ್ಲ.

ಕೊರಿಯಾದವರು ಕಂಡುಕೊಂಡದ್ದು

ಈ ವಿಷಯದ ಬಗ್ಗೆ ಓದುತ್ತಾ ಹೋದ ಹಾಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊರಿಯಾ. ರೋಮನ್ನರೂ ಸ್ನಾನಗೃಹಗಳ ನೆಲದಡಿ ಬಿಸಿ ಗಾಳಿ ಹಾಯಿಸುತ್ತಿದ್ದರು ಅನ್ನುವುದು ಶಾಲೆಯ ಪಾಠದಿಂದಲೇ ಗೊತ್ತು. ಆದರೆ ಬಡವ ಬಲ್ಲಿದ ಅನ್ನದೆ ಎಲ್ಲರ ಮನೆಯಲ್ಲೂ ನೆಲ ಕಾಯಿಸಿಕೊಂಡು ಬಂದವರು ಕೊರಿಯಾದ ಜನ. ಒಂಡೊಲ್ ಅಂತ ಅದರ ಹೆಸರು. ಅಡುಗೆಯ ಒಲೆಯ ಹೊಗೆಯೂ ಶಾಖವೂ ಪಕ್ಕದ ಕೋಣೆಯ ನೆಲದಡಿ ಕಟ್ಟಿದ ಕಾಲುವೆಗಳಲ್ಲಿ ಹಾದು, ಚಪ್ಪಡಿಗಳನ್ನು ಕಾಯಿಸಿ, ಆಚೆ ಬದಿಯ ಚಿಮಣಿಯಿಂದ ಹೊರಹೋಗುತ್ತಿತ್ತು. ಒಲೆಗೆ ಹತ್ತಿರದ ಜಾಗ ಎಲ್ಲಕ್ಕಿಂತ ಬೆಚ್ಚಗೆ, ಹಿರಿಯರಿಗೂ ಅತಿಥಿಗಳಿಗೂ ಅದೇ ಜಾಗ. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಬರುವವರು, ನೆಲದಲ್ಲಿ ಕೂತು ಉಣ್ಣುವವರು, ನೆಲದಲ್ಲೇ ಹಾಸಿಕೊಂಡು ಮಲಗುವವರು. ಆದ್ದರಿಂದ ಬೆಂಕಿಯನ್ನು ನೆಲದಡಿಗೆ ಒಯ್ದರು. ಇವತ್ತಿನ ಸೋಲ್ ನಗರದ ಮೂವತ್ತು ಮಹಡಿಯ ಅಪಾರ್ಟ್‌ಮೆಂಟಿನಲ್ಲೂ ನೆಲವೇ ಬಿಸಿಯ ಮೂಲ. ಹೊಗೆಯ ಜಾಗದಲ್ಲಿ ಈಗ ಬಿಸಿನೀರಿನ ಕೊಳವೆ ಬಂದಿದೆ, ಅಷ್ಟೇ ವ್ಯತ್ಯಾಸ.

ನಮ್ಮದೂ ಅವರದೇ ಥರದ ಬದುಕು. ಮಲೆನಾಡಿನ ಮನೆಯಲ್ಲಿ ಜಗಲಿ, ನಡುಮನೆ, ದೇವರಮನೆ, ಅಡುಗೆಮನೆ ಎಲ್ಲಿ ಹೋದರೂ ಕೂರುವುದು ನೆಲದ ಮೇಲೆ. ಡಿಸೆಂಬರ್ ಬೆಳಗಿನಲ್ಲಿ ಕಾವಿ ನೆಲಕ್ಕೆ ಕಾಲಿಟ್ಟರೆ ಜುಮ್ಮೆನ್ನುತ್ತಿತ್ತು, ಹಲ್ಲುಜ್ಜುವ ನೆಪದಲ್ಲಿ ಬಚ್ಚಲ ಒಲೆಯ ಮುಂದೆ ಕೂತುಬಿಟ್ಟರೆ ಅಜ್ಜಿ ಬಯ್ದು ಎಬ್ಬಿಸಬೇಕಿತ್ತು. ಹತ್ತು ಗಂಟೆಗೆ ಬಿಸಿಲು ಅಂಗಳಕ್ಕೆ ಇಳಿದರೆ ಚಳಿಯ ಕತೆ ಮುಗಿಯಿತು. ನೆಲ ಕಾಯಿಸುವ ಅಗತ್ಯ ನಮಗೆ ಬೀಳಲಿಲ್ಲ. ಬಿದ್ದಿದ್ದರೆ ನಮ್ಮವರೂ ಬಚ್ಚಲ ಒಲೆಯ ಹೊಗೆಯನ್ನು ನಡುಮನೆಯ ಅಡಿಗೆ ತಿರುಗಿಸುತ್ತಿದ್ದರು ಅಂತ ನಾನು ಬಲವಾಗಿ ನಂಬುತ್ತೇನೆ. ಈಗ ನೆಲದಲ್ಲಿ ಕೂರುವ ಬದುಕನ್ನು ಹೊತ್ತು ನಾವು ಬಂದಿರುವುದು 2019ರ ಜನವರಿ 30ರಂದು ಸೊನ್ನೆಗಿಂತ 28 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದ ಊರಿಗೆ. ಸೆಲ್ಸಿಯಸ್‌ನಲ್ಲಿ ಹೇಳಿದರೆ ಮೈನಸ್ 33. ಈ ಊರಿಗೆ ಬಂದ ಮೇಲೆ ಕೂರುವ ರೀತಿಯನ್ನೇ ಬದಲಿಸಿಕೊಳ್ಳಿ ಅಂತ ಎಪ್ಪತ್ತು ದಾಟಿದವರಿಗೆ ಹೇಳುವುದಕ್ಕಿಂತ ನೆಲವನ್ನು ಬದಲಿಸುವುದು ನ್ಯಾಯ.

ಅಮೆರಿಕಕ್ಕೆ ಈ ವಿಚಾರ ಬಂದ ದಾರಿಯಲ್ಲೂ ಕೊರಿಯಾ ಇದೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೊದ ಇಂಪೀರಿಯಲ್ ಹೋಟೆಲಿನ ಕೆಲಸದ ಕಾಲದಲ್ಲಿ ಒಂದು ಚಳಿಗಾಲ ಬ್ಯಾರನ್ ಓಕುರಾ ಮನೆಗೆ ಊಟಕ್ಕೆ ಹೋಗಿದ್ದರಂತೆ. ಜಪಾನಿ ಕೋಣೆಯಲ್ಲಿ ನಡುಗುತ್ತಾ ಊಟ ಮುಗಿಸಿ, ಆಮೇಲೆ ಆ ಮನೆಯಲ್ಲಿದ್ದ ಕೊರಿಯನ್ ಕೋಣೆಗೆ ಹೋದಾಗ ಒಲೆಯೂ ಕಾಣದೆ, ಜಾಲರಿಯೂ ಕಾಣದೆ ಮೈಯೆಲ್ಲ ಹಿತವಾದದ್ದು ಅವರಿಗೆ ಮರೆಯಲಾಗದ ಅನುಭವ. ಅದರ ಫಲವನ್ನು ನಮ್ಮ ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ನೋಡಬಹುದು. 1937ರಲ್ಲಿ ಮುಗಿದ ಜೇಕಬ್ಸ್ ಮನೆಯ ಕಾಂಕ್ರೀಟ್ ನೆಲದಡಿ ಅವರು ಕಬ್ಬಿಣದ ಕೊಳವೆ ಹಾಸಿಸಿದರು. ಸಾಧಾರಣ ಆದಾಯದ ಸಂಸಾರಕ್ಕೆಂದು ಕಟ್ಟಿದ ಆ ಮನೆ 2019ರಲ್ಲಿ ರೈಟ್ ಅವರ ಇನ್ನೂ ಏಳು ಕಟ್ಟಡಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಾಂಗ್ ಐಲ್ಯಾಂಡಿನ ಲೆವಿಟೌನಿನಲ್ಲಿ ಸಾಲುಸಾಲಾಗಿ ಎದ್ದ ಮನೆಗಳ ನೆಲದಲ್ಲೂ ಬಿಸಿನೀರಿನ ತಾಮ್ರದ ಕೊಳವೆಗಳಿದ್ದವು. ದಶಕಗಳು ಉರುಳಿದ ಹಾಗೆ ಕಾಂಕ್ರೀಟಿನೊಳಗೆ ಅವು ಸೋರತೊಡಗಿದವು. ನೆಲ ಒಡೆದು ಸರಿಮಾಡಿಸುವ ಬದಲು ಎಷ್ಟೋ ಜನ ಅವನ್ನು ಅಲ್ಲೇ ಬಿಟ್ಟು ಗೋಡೆಯ ಬುಡಕ್ಕೆ ಬೇರೆ ಹೀಟರ್ ಹಾಕಿಸಿಕೊಂಡರು. ಇವತ್ತಿಗೂ "ನೆಲದಲ್ಲಿ ನೀರಿನ ಪೈಪಾ? ಸೋರಿದರೆ?" ಅಂತ ಕೇಳುವವರ ಹಿಂದೆ ಆ ಇತಿಹಾಸವಿದೆ.

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಪ್ಲಾಸ್ಟಿಕ್. 1960ರ ದಶಕದಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ರೂಪಿಸಿದ ಪೆಕ್ಸ್, ಅಂದರೆ ಅಣುಗಳನ್ನು ಒಂದಕ್ಕೊಂದು ಅಡ್ಡಡ್ಡ ಹೆಣೆದ ಪಾಲಿಥಿಲೀನ್, ಕಾಂಕ್ರೀಟಿನಲ್ಲಿ ತುಕ್ಕು ಹಿಡಿಯುವುದಿಲ್ಲ, ನೂರಾರು ಅಡಿ ಉದ್ದಕ್ಕೆ ಒಂದೂ ಜೋಡಣೆಯಿಲ್ಲದೆ ಸಿಗುತ್ತದೆ. ಸೋರಿಕೆ ಶುರುವಾಗುವುದು ಬಹುಮಟ್ಟಿಗೆ ಜೋಡಣೆಯಲ್ಲಿ. ನೆಲದೊಳಗೆ ಜೋಡಣೆಯೇ ಇರಬಾರದು ಅನ್ನುವುದು ಈ ಕೆಲಸದ ಮೊದಲ ನಿಯಮ. ಅರ್ಧ ಇಂಚಿನ ಕೊಳವೆಯಾದರೆ ಒಂದು ಸುತ್ತು 300 ಅಡಿ ದಾಟಬಾರದು, ದಾಟಿದರೆ ಕೊನೆಗೆ ತಲುಪುವಷ್ಟರಲ್ಲಿ ನೀರು ತಣ್ಣಗಾಗಿ, ಪಂಪಿಗೂ ಭಾರವಾಗುತ್ತದೆ. ನಮ್ಮ ಕೋಣೆಗೆ ಒಂಬತ್ತು ಇಂಚಿನ ಅಂತರದಲ್ಲಿ ಹಾಸಿದರೆ 430 ಅಡಿ ಬೇಕು; ಹಾಗಾಗಿ ಹೆಚ್ಚುಕಮ್ಮಿ ಸಮನಾದ ಎರಡು ಸುತ್ತು.

ಗೋಡೆ ಮೊದಲು

ನನಗೆ ಸಿಕ್ಕ ಪ್ಲಂಬರ್ ಅರವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಬಂದ ಮೊದಲ ದಿನ ಕೊಳವೆಯ ಮಾತೇ ಎತ್ತಲಿಲ್ಲ. ಗೋಡೆಗೆ ಏನು ತುಂಬಿಸುತ್ತೀರಿ, ಕಿಟಕಿ ಎಷ್ಟು ದೊಡ್ಡದು, ಮಾಡಿನ ಮೇಲೆ ಎಷ್ಟು ದಪ್ಪ ಇನ್ಸುಲೇಷನ್ ಅಂತ ಕೇಳುತ್ತಾ ಹೋದರು. ಅವರ ಲೆಕ್ಕ ಹೀಗೆ. ನೆಲದ ಮೇಲ್ಮೈ ಕೋಣೆಯ ಗಾಳಿಗಿಂತ ಒಂದು ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚಿದ್ದರೆ, ಚದರಡಿಗೆ ಗಂಟೆಗೆ ಸುಮಾರು 2 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖ ಕೊಡುತ್ತದೆ. ಜನ ಓಡಾಡುವ ನೆಲವನ್ನು 85 ಡಿಗ್ರಿಗಿಂತ, ಅಂದರೆ ಸೆಲ್ಸಿಯಸ್‌ನ 29ಕ್ಕಿಂತ, ಹೆಚ್ಚು ಕಾಯಿಸಬಾರದು; ಕಾಲಿಗೆ ಹಿತವಾಗುವುದಿಲ್ಲ, ಬೆವರುತ್ತದೆ. ಕೋಣೆ 70ರಲ್ಲಿದ್ದರೆ ನೆಲ ಕೊಡಬಹುದಾದದ್ದು ಚದರಡಿಗೆ ಹೆಚ್ಚೆಂದರೆ 30 ಬಿಟಿಯು. ಅತಿ ಚಳಿಯ ರಾತ್ರಿ ಗೋಡೆ, ಕಿಟಕಿ, ಸಂದುಗಳಿಂದ ಅದಕ್ಕಿಂತ ಹೆಚ್ಚು ಸೋರಿಹೋಗುವ ಕೋಣೆಯನ್ನು ನೆಲ ಒಂದೇ ಕಾಯಿಸಲಾರದು. ನಮ್ಮ ಕೋಣೆಗೆ ಲೆಕ್ಕ ಹಾಕಿದಾಗ ಒಟ್ಟು 8,000 ಬಿಟಿಯು ಬಂತು, ಚದರಡಿಗೆ 25. ನೆಲ 82, 83ಕ್ಕೆ ಬಂದರೆ ಸಾಕು. ಅಷ್ಟಕ್ಕೆ ಇಳಿಸಲು ಉತ್ತರದ ಗೋಡೆಯ ಒಂದು ಕಿಟಕಿಯನ್ನು ಬಿಟ್ಟುಕೊಟ್ಟೆವು. ಅಪ್ಪನಿಗೆ ಅಂಗಳದ ಮೇಪಲ್ ಮರ ಕಾಣುವ ಕಿಟಕಿ ಪೂರ್ವದ್ದು, ಅದು ಉಳಿಯಿತು.

ನೆಲದ ಕೆಳಗಿನ ಪದರಗಳನ್ನೂ ಅವರು ಇದೇ ಲೆಕ್ಕದಲ್ಲಿ ನೋಡುತ್ತಿದ್ದರು. ಇಲ್ಲಿ ಚಳಿಗಾಲದಲ್ಲಿ ಭೂಮಿ ಆಳದವರೆಗೆ ಹೆಪ್ಪುಗಟ್ಟುತ್ತದೆ. ಮಿನಿಯಾಪೊಲಿಸ್ ಕಡೆ ಪಾಯ 42 ಇಂಚು ಕೆಳಗಿಳಿಯಬೇಕು, ರಾಜ್ಯದ ಉತ್ತರ ಭಾಗದಲ್ಲಿ 60. ಪಾಯದ ಒಳಗೆ ಜಲ್ಲಿ ತುಂಬಿ, ಮೇಲೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡು ಇಂಚು ದಪ್ಪದ ಗಟ್ಟಿ ಫೋಮ್ ಹಲಗೆ, ಅದರ ಮೇಲೆ ಕಬ್ಬಿಣದ ಜಾಲರಿ. ಫೋಮ್ ಇಲ್ಲದಿದ್ದರೆ ನಾವು ದುಡ್ಡು ಕೊಟ್ಟು ಕಾಯಿಸಿದ ನೀರು ಅಂಗಳದ ಮಣ್ಣನ್ನು ಕಾಯಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ಶಾಖ ತಪ್ಪಿಸಿಕೊಳ್ಳುವುದು ಸ್ಲ್ಯಾಬಿನ ಅಂಚಿನಿಂದ. ಹೊರಗೋಡೆಯ ಪಾಯಕ್ಕೂ ಸ್ಲ್ಯಾಬಿಗೂ ನಡುವೆ ಸುತ್ತಲೂ ಫೋಮ್ ಪಟ್ಟಿ ನಿಲ್ಲಿಸಿ, ಮೂಲೆಗಳಲ್ಲಿ ಬೆರಳು ತೂರಿಸಿ ಸಂದು ನೋಡುತ್ತಿದ್ದರು. ಕಾಂಕ್ರೀಟ್ ಬಿದ್ದ ಮೇಲೆ ಇದ್ಯಾವುದೂ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳದ ಕೆಲಸವನ್ನು ಹಾಗೆ ಮಾಡುವವರನ್ನು ಕಂಡರೆ ನನಗೆ ತುಂಬ ಗೌರವ.

ಗೇಜಿನ ಮುಳ್ಳು

ಕೊಳವೆ ಹಾಸಿದ್ದು ಸೆಪ್ಟೆಂಬರಿನ ಕೊನೆಯಲ್ಲಿ. ಅವರೂ ಒಬ್ಬ ಹುಡುಗನೂ ಸುರುಳಿಯನ್ನು ತಿರುಗುವ ಸ್ಟ್ಯಾಂಡಿಗೆ ಹಾಕಿ, ಒಬ್ಬರು ಬಿಡಿಸುತ್ತಾ ಒಬ್ಬರು ಜಾಲರಿಗೆ ಕಟ್ಟುತ್ತಾ ಹೋದರು. ನೀರು ಕೊಳವೆಯೊಳಗೆ ಬರುವಾಗ ಅತಿ ಬಿಸಿಯಾಗಿರುತ್ತದೆಯಲ್ಲ, ಆ ಬಿಸಿ ಮೊದಲು ಹೊರಗೋಡೆಯ ಬದಿಗೆ ಹೋಗಬೇಕು, ಆಮೇಲೆ ಕೋಣೆಯ ನಡುವಿಗೆ. ಗೋಡೆಯ ಪಕ್ಕ ಆರು ಇಂಚಿಗೊಂದು ಸಾಲು, ಒಳಗೆ ಬಂದ ಹಾಗೆ ಒಂಬತ್ತು. ಕಮೋಡ್ ಕೂರುವ ಜಾಗದ ಸುತ್ತ ಕೊಳವೆ ಸುಳಿಯಬಾರದು, ಅದರ ಬುಡಕ್ಕೆ ಹಾಕುವ ಮೇಣದ ಉಂಗುರ ಬಿಸಿಗೆ ಕರಗುತ್ತದೆ. ಬಚ್ಚಲಲ್ಲಿ ಸ್ನಾನ ಮಾಡುವ ಜಾಗದಲ್ಲಿ ಮಾತ್ರ ಸಾಲುಗಳನ್ನು ಒತ್ತೊತ್ತಾಗಿ ಹಾಕಿ ಅಂತ ಕೇಳಿಕೊಂಡೆ. ನಮ್ಮವರು ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಚೊಂಬಿನಲ್ಲಿ ಹೊಯ್ದುಕೊಳ್ಳುವವರು, ಬಚ್ಚಲಿಡೀ ಒದ್ದೆ ಮಾಡುವವರು. ಬೆಚ್ಚಗಿನ ನೆಲದಲ್ಲಿ ಆ ನೀರು ತಾನಾಗಿ ಒಣಗುತ್ತದೆ. ವಯಸ್ಸಾದವರು ಜಾರಿ ಬೀಳುವುದು ಹೆಚ್ಚಾಗಿ ಬಚ್ಚಲಲ್ಲೇ ಅಂತ ಗೊತ್ತಿದ್ದವರಿಗೆ ಅದು ಸಣ್ಣ ಮಾತಲ್ಲ.

ಸಂಜೆ ಎರಡೂ ಸುತ್ತುಗಳ ತುದಿಗಳನ್ನು ಮ್ಯಾನಿಫೋಲ್ಡಿಗೆ, ಅಂದರೆ ನೀರನ್ನು ಸುತ್ತುಗಳಿಗೆ ಹಂಚುವ ಕವಲು ಕೊಳವೆಗೆ, ಸೇರಿಸಿ, ಗಾಳಿ ತುಂಬಿ, 60 ಪಿಎಸ್‌ಐ (ಚದರ ಇಂಚಿಗೆ 60 ಪೌಂಡ್) ಒತ್ತಡಕ್ಕೆ ತಂದು ವಾಲ್ವ್ ಮುಚ್ಚಿದರು. ಬೆಳಗ್ಗೆ ಎದ್ದು ನಾನೇ ಮೊದಲು ಹೋಗಿ ನೋಡಿದೆ. ಮುಳ್ಳು 56ಕ್ಕೆ ಇಳಿದಿತ್ತು. ನಾನೂರು ಚಿಲ್ಲರೆ ಅಡಿ ಕೊಳವೆಯಲ್ಲಿ ಎಲ್ಲೋ ಒಂದು ಸೂಜಿ ತೂತು ಇದೆ, ಅದನ್ನು ಹುಡುಕಬೇಕು ಅಂತ ಎದೆ ಹೊಡೆದುಕೊಂಡಿತು. ಅವರು ಬಂದರು, ಮುಳ್ಳು ನೋಡಿದರು, ಆಮೇಲೆ ಆಕಾಶ ನೋಡಿದರು. "ನಿನ್ನೆ ಗಾಳಿ ತುಂಬಿದಾಗ ಎಷ್ಟು ಡಿಗ್ರಿ ಇತ್ತು?" ಎಪ್ಪತ್ತು. "ಈಗ?" ನಲವತ್ತು. ಅಷ್ಟು ಸಾಕಾಯಿತು. ಮುಚ್ಚಿದ ಕೊಳವೆಯಲ್ಲಿ ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಪಿಯುಸಿಯಲ್ಲಿ ಕಲಿತ ಸೂತ್ರ. ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೂವತ್ತು ಡಿಗ್ರಿ ಇಳಿತಕ್ಕೆ ಸರಿಯಾಗಿ ನಾಲ್ಕು ಪಿಎಸ್‌ಐ. ಆದರೂ ಅವರು ಲೆಕ್ಕವನ್ನಷ್ಟೇ ನಂಬಿ ಕೂರಲಿಲ್ಲ. ಸಾಬೂನು ನೀರನ್ನು ಪ್ರತಿಯೊಂದು ಜೋಡಣೆಗೂ ಸವರಿ, ಮಂಡಿಯೂರಿ ಕೂತು, ಗುಳ್ಳೆ ಏಳುತ್ತದೆಯೋ ಅಂತ ನಿಧಾನವಾಗಿ ನೋಡಿದರು. ಬಿಸಿಲು ಏರಿದ ಹಾಗೆ ಮುಳ್ಳೂ ಏರುತ್ತಾ ಬಂದು ಮಧ್ಯಾಹ್ನದ ಹೊತ್ತಿಗೆ 60ರ ಗೆರೆಗೆ ಮರಳಿ ನಿಂತಿತು. ನಗರಸಭೆಯ ಇನ್‌ಸ್ಪೆಕ್ಟರ್ ಬಂದು ಸಹಿ ಹಾಕಿದ್ದು ಆಮೇಲೆ.

ಕಾಂಕ್ರೀಟ್ ಹಾಕುವ ದಿನ ಪ್ಲಂಬರಿಗೆ ಕೆಲಸವಿರುವುದಿಲ್ಲ ಅಂದುಕೊಂಡಿದ್ದವಳಿಗೆ ಅವರು ಎಲ್ಲರಿಗಿಂತ ಮೊದಲೇ ಬಂದು ನಿಂತದ್ದು ಕಂಡಿತು. ಒತ್ತಡ ಹಾಗೇ ಇಟ್ಟಿದ್ದರು. ಬೂಟು ಕಾಲಿನ ಆರು ಜನ, ಹಾರೆ, ಕರಣೆ, ಪಂಪಿನ ದಪ್ಪ ಹೋಸು, ಎಲ್ಲ ಆ ಕೊಳವೆಗಳ ಮೇಲೇ ಓಡಾಡಬೇಕು. ಯಾರದಾದರೂ ಹಾರೆಯ ಮೊನೆ ತಾಗಿ ಕೊಳವೆ ಹರಿದರೆ ಮುಳ್ಳು ತಟ್ಟನೆ ಬೀಳುತ್ತದೆ. ಕಾಂಕ್ರೀಟ್ ಹಸಿಯಿರುವಾಗಲೇ ಬಗೆದು ಸರಿಮಾಡಬಹುದು, ಮರುದಿನ ಗೊತ್ತಾದರೆ ಏನೂ ಮಾಡಲಾಗದು. "ಇವತ್ತು ನನ್ನ ಕೆಲಸ ಇದನ್ನು ನೋಡುತ್ತಾ ನಿಲ್ಲುವುದು" ಅಂದರು. ನಾಲ್ಕು ಇಂಚು ದಪ್ಪದ ಸ್ಲ್ಯಾಬ್ ಸಮತಟ್ಟಾಗುವವರೆಗೂ ಅವರು ಗೇಜಿನ ಪಕ್ಕದಿಂದ ಕದಲಲಿಲ್ಲ. ಅಮ್ಮ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದವಳು, ಕೆಲಸ ಮುಗಿದಾಗ ಸ್ಟೀಲ್ ಲೋಟದಲ್ಲಿ ಕಾಫಿ ಕಳಿಸಿ, "ಆ ಅಜ್ಜನಿಗೆ ಮೊದಲು ಕೊಡು, ಬೆಳಗಿಂದ ನಿಂತೇ ಇದಾರೆ" ಅಂದಳು. ಅವಳಿಗಿಂತ ಅವರು ಚಿಕ್ಕವರು.

ನೀರು ಎಲ್ಲಿಂದ

ಈ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಆದರೆ ಹಾಕಿಸುವವರು ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲೇ. ಒಂದು ಕೋಣೆಗೆ ಬೇಕಾದ 8,000 ಬಿಟಿಯು ಬಹಳ ಕಮ್ಮಿ. ಅಂಗಡಿಯಲ್ಲಿ ಸಿಗುವ ಗ್ಯಾಸ್ ಬಾಯ್ಲರ್‌ಗಳಲ್ಲಿ ಬಹುಪಾಲು, ಉರಿ ಎಷ್ಟೇ ತಗ್ಗಿಸಿದರೂ ಅದಕ್ಕಿಂತ ಹೆಚ್ಚೇ ಕೊಡುತ್ತವೆ. ಆಗ ಹತ್ತುವುದು ಆರುವುದು ಹತ್ತುವುದು ಆರುವುದು ನಡೆದು ಯಂತ್ರ ಬೇಗ ಸವೆಯುತ್ತದೆ. ನಮ್ಮಲ್ಲಿ ಹೇಗೂ ಸ್ನಾನದ ನೀರಿನ ಗ್ಯಾಸ್ ಟ್ಯಾಂಕ್ ಬದಲಿಸುವ ಕಾಲ ಬಂದಿತ್ತು. ಪಕ್ಕದಲ್ಲಿ ಎರಡು ಹೆಚ್ಚುವರಿ ತೂಬು ಇರುವ ಟ್ಯಾಂಕ್ ತರಿಸಿ, ನಡುವೆ ತಗಡಿನ ಹೀಟ್ ಎಕ್ಸ್‌ಚೇಂಜರ್ ಇಟ್ಟೆವು. ಕುಡಿಯುವ, ಮೀಯುವ ನೀರು ಒಂದು ಬದಿ, ನೆಲದ ನೀರು ಇನ್ನೊಂದು ಬದಿ, ಶಾಖ ಮಾತ್ರ ದಾಟುತ್ತದೆ. ತಿಂಗಳುಗಟ್ಟಲೆ ನೆಲದಲ್ಲಿ ನಿಂತ ನೀರು ಯಾವ ಕಾರಣಕ್ಕೂ ನಲ್ಲಿಗೆ ಬರಬಾರದು, ಇದರಲ್ಲಿ ರಾಜಿ ಬೇಡ. ನೆಲಕ್ಕೆ ಹೋಗುವ ನೀರು ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಇದ್ದರೆ ಸಾಕು, ನಾವು ಮೀಯುವ ನೀರಿಗಿಂತ ಹೆಚ್ಚೇನಿಲ್ಲ. ಇಷ್ಟು ಕಮ್ಮಿ ಬಿಸಿ ಸಾಕಾಗುವುದರಿಂದಲೇ ಮುಂದೆ ಹೀಟ್ ಪಂಪಿಗೆ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ಎಳೆದುಕೊಳ್ಳುವ ಯಂತ್ರ) ಬದಲಾಯಿಸಿದರೂ ನೆಲದ ಕೊಳವೆ ಹಾಗೇ ಕೆಲಸಕ್ಕೆ ಬರುತ್ತದೆ.

ಖರ್ಚು ಡಕ್ಟಿಗಿಂತ ಖಂಡಿತ ಹೆಚ್ಚು. ಬೇಸಿಗೆಗೆ ಇದು ಉಪಯೋಗವಿಲ್ಲ. ಮಿನಿಸೋಟದ ಜುಲೈ ಸೆಕೆಯೂ ಬೆವರೂ ಕೂಡಿದ್ದು, ಅದಕ್ಕೆ ಗೋಡೆಯ ಎಸಿ ಬೇರೆ ಬೇಕು. ಎಂಟು ತಿಂಗಳು ಚಳಿಯ ಜೊತೆ ಬಾಳುವವರಿಗೆ ಇದು ಕೊಡತಕ್ಕ ಬೆಲೆ ಅಂತ ನನ್ನ ಅಭಿಪ್ರಾಯ, ಅದರಲ್ಲೂ ಸ್ಲ್ಯಾಬ್ ಹೇಗಿದ್ದರೂ ಹಾಕಲೇಬೇಕಾದ ಜಾಗದಲ್ಲಿ. ಕಾಂಕ್ರೀಟ್ ಬಿದ್ದ ಮೇಲೆ ಮನಸ್ಸು ಬದಲಿಸಲು ಬರುವುದಿಲ್ಲ.

ಆತುರವಿಲ್ಲದ ಬಿಸಿ

ಕಾಂಕ್ರೀಟ್ ಗಟ್ಟಿಯಾಗಲು ನಾಲ್ಕು ವಾರ ಬಿಟ್ಟು, ಆಮೇಲೆ ದಿನಕ್ಕಿಷ್ಟು ಅಂತ ನೀರಿನ ಬಿಸಿ ಏರಿಸುತ್ತಾ ಹೋದರು. ಒಮ್ಮೆಗೇ ಕಾಯಿಸಿದರೆ ಬಿರುಕು. ಟೈಲ್ಸ್ ಹಾಸಿ ಅಪ್ಪ ಅಮ್ಮ ಒಳಗೆ ಬಂದದ್ದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ. ಅಷ್ಟು ಹೊತ್ತಿಗೆ ಹೊರಗೆ ಹಿಮ ಬಿದ್ದು ನಿಂತಾಗಿತ್ತು.

ಏಳು ಟನ್ ಕಾಂಕ್ರೀಟಿನ ಆ ಸ್ಲ್ಯಾಬ್ ಊರಿನ ಬಚ್ಚಲ ಹಂಡೆಯ ಹಾಗೆ. ಕಾಯಲು ಹೊತ್ತು ಹಿಡಿಯುತ್ತದೆ, ಕಾದ ಮೇಲೆ ಬೆಂಕಿ ಆರಿದರೂ ಮಧ್ಯಾಹ್ನದವರೆಗೆ ಬಿಸಿ ಬಿಡುವುದಿಲ್ಲ. ಫರ್ನೇಸಿನ ಹಾಗೆ ರಾತ್ರಿ ಇಳಿಸಿ ಬೆಳಗ್ಗೆ ಏರಿಸುವ ಆಟ ಇದರ ಜೊತೆ ನಡೆಯದು. ಹೊರಗಿನ ಚಳಿ ಅಳೆಯುವ ಒಂದು ಸೆನ್ಸರ್ ಉತ್ತರದ ಗೋಡೆಯ ಮೇಲಿದೆ, ಹೊರಗೆ ಚಳಿ ಹೆಚ್ಚಿದಷ್ಟೂ ನೀರಿನ ಬಿಸಿಯನ್ನು ಅದೇ ತುಸು ಏರಿಸುತ್ತದೆ. ಕೋಣೆಯ ಥರ್ಮೋಸ್ಟಾಟ್ 68ಕ್ಕೆ ಇಟ್ಟಿದ್ದೇವೆ, ಮೊದಲಿನ 72ಕ್ಕಿಂತ ಕಮ್ಮಿ. ಯಾರಿಗೂ ಚಳಿಯೆನಿಸುವುದಿಲ್ಲ. ಸುಮ್ಮನೆ ಕೂತವರ ಮೈಯಿಂದ ಶಾಖದ ದೊಡ್ಡ ಪಾಲು ಹೋಗುವುದು ಸುತ್ತಲಿನ ತಣ್ಣನೆಯ ಗೋಡೆ, ಕಿಟಕಿ, ನೆಲಗಳತ್ತ ವಿಕಿರಣವಾಗಿ. ಇಲ್ಲಿ ನೆಲವೇ ಬೆಚ್ಚಗಿದ್ದು ಮೇಲಿನ ಮಾಡನ್ನೂ ಗೋಡೆಗಳನ್ನೂ ಬೆಚ್ಚಗಿಡುತ್ತದೆ. ಗಾಳಿಯ ಲೆಕ್ಕ ಹಿಂದಾಗುತ್ತದೆ. ಮೂಗು ಒಣಗಿಸುವ ಆ ಬಿಸಿ ಗಾಳಿಯ ಬೀಸು ಇಲ್ಲ, ಫರ್ನೇಸ್ ಹೊತ್ತಿಕೊಳ್ಳುವ ಸದ್ದಿಲ್ಲ. ರಾತ್ರಿ ನಾಲ್ಕು ಬಾರಿ ಏಳುವ ಅಪ್ಪನಿಗೆ ಇದು ದೊಡ್ಡ ಉಪಕಾರ.

ಅಮ್ಮ ಮೊದಲ ದಿನ ಕಾಲುಚೀಲ ತೆಗೆಯಲಿಲ್ಲ. ಕೂತು ಎದ್ದು, ಅಂಗೈ ಒತ್ತಿ ಅಲ್ಲಲ್ಲಿ ಮುಟ್ಟಿ ನೋಡಿದಳು. "ಎಂಥದ್ದೇ ಇದು, ಗೋಡೆ ಬದಿ ಜಾಸ್ತಿ ಬಿಸಿ, ನಡುವೆ ಕಮ್ಮಿ?" ಕೊಳವೆಯ ಸಾಲು ಒತ್ತಾಗಿರುವುದು ಗೋಡೆಯ ಪಕ್ಕ ಅಂದೆ. ಮಾರನೆಯ ಬೆಳಗ್ಗೆ ನೋಡಿದರೆ, ಇಡ್ಲಿ ಹಿಟ್ಟಿನ ಪಾತ್ರೆ ಆ ಗೋಡೆಯ ಬದಿಗೆ, ತಟ್ಟೆ ಮುಚ್ಚಿಕೊಂಡು ಕೂತಿತ್ತು. ಮುಚ್ಚಳ ಎತ್ತಿದಾಗ ಹಿಟ್ಟು ಪಾತ್ರೆಯ ಕಂಠದವರೆಗೆ ಉಬ್ಬಿತ್ತು. ಇಲ್ಲಿ ಚಳಿಗಾಲದಲ್ಲಿ ಹಿಟ್ಟು ಹುದುಗಿಸಲು ಓವನ್ನಿನ ದೀಪ ಹಚ್ಚಿಟ್ಟು ರಾತ್ರಿಯಿಡೀ ಕಾಯುವ ಪಾಡು ಅನುಭವಿಸಿದವರಿಗೆ ಹೇಳಬೇಕಿಲ್ಲ. 82 ಡಿಗ್ರಿ ಅಂದರೆ ಸೆಲ್ಸಿಯಸ್‌ನಲ್ಲಿ ಸುಮಾರು 28, ಹಿಟ್ಟಿಗೆ ಊರಿನ ಮಾರ್ಚ್ ತಿಂಗಳು. ಅಮ್ಮನಿಗೆ ಈಗ ಆ ಕೋಣೆಯ ನೆಲದ ನಕ್ಷೆ ನನಗಿಂತ ಚೆನ್ನಾಗಿ ಗೊತ್ತು. ಹಿಟ್ಟಿಗೆ ಪೂರ್ವದ ಗೋಡೆ, ಮೊಸರಿಗೆ ಹೆಪ್ಪು ಹಾಕಿ ಕಂಬಳಿ ಸುತ್ತಿ ಬಚ್ಚಲ ಬಾಗಿಲ ಪಕ್ಕ, ಒದ್ದೆ ಪಂಚೆ ಹರಡಲು ಕಿಟಕಿಯ ಕೆಳಗೆ.

ಅಪ್ಪನ ಜೊತೆ ಮಾತ್ರ ಒಂದು ಚರ್ಚೆ ನಡೆಯಿತು. ಊರಿಂದ ತಂದ ದಪ್ಪ ಜಮಖಾನವನ್ನು ಹಾಸಿ, ಅದರ ಮೇಲೆ ಹಾಸಿಗೆ ಹಾಕಿಕೊಂಡಿದ್ದರು. ದಪ್ಪ ಹಾಸು ಶಾಖವನ್ನು ಕೆಳಗೇ ತಡೆಯುತ್ತದೆ, ಅಷ್ಟು ಜಾಗದ ನೆಲ ಕೆಲಸ ಮಾಡದ ಹಾಗಾಗುತ್ತದೆ. ನಾನು ವಿವರಿಸಿದಾಗ ಸ್ವಲ್ಪ ಯೋಚಿಸಿ, ಜಮಖಾನ ಮಡಚಿ ಇಟ್ಟು, ಚಾಪೆಯೊಂದನ್ನೇ ಉಳಿಸಿಕೊಂಡರು. ಈಗ ಮಧ್ಯಾಹ್ನ ಊಟವಾದ ಮೇಲೆ ಮೇಪಲ್ ಮರದ ಕಿಟಕಿಯ ಮುಂದೆ ಚಾಪೆ ಬಿಡಿಸಿ, ಬರಿಮೈಯಲ್ಲಿ ಒಂದು ಉತ್ತರೀಯ ಹೊದ್ದು ಮಲಗುತ್ತಾರೆ. ಹೊರಗೆ ಸೊನ್ನೆಗಿಂತ ಕೆಳಗಿರುತ್ತದೆ. ಬೆನ್ನುನೋವಿಗೆ ಹಚ್ಚಿಕೊಳ್ಳುತ್ತಿದ್ದ ತೈಲದ ಬಾಟಲಿ ಮೊದಲಿನಷ್ಟು ಬೇಗ ಖಾಲಿಯಾಗುತ್ತಿಲ್ಲ. ನೋವು ಕಮ್ಮಿಯಾಗಿದೆ ಅಂತ ಅವರು ಬಾಯಿಬಿಟ್ಟು ಹೇಳಿಲ್ಲ, ಅವರ ಸ್ವಭಾವವೂ ಅಲ್ಲ.

ಕಾಂಕ್ರೀಟ್ ಹಾಕುವ ಮುಂಚೆ ಪ್ಲಂಬರ್ ಹೇಳಿಕೊಟ್ಟ ಒಂದು ಕೆಲಸ ಮಾಡಿಟ್ಟಿದ್ದೆ. ಪ್ರತಿ ಗೋಡೆಯಿಂದ ಟೇಪು ಹಿಡಿದು, ಟೇಪಿನ ಅಂಕಿಗಳೂ ಕೊಳವೆಗಳೂ ಕಾಣುವ ಹಾಗೆ ಫೋಟೊ ತೆಗೆದು, ಅಚ್ಚುಹಾಕಿಸಿ ಮ್ಯಾನಿಫೋಲ್ಡ್ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿದ್ದು. ಹೋದ ತಿಂಗಳು ಅಮ್ಮನ ಮಂಡಿ ಆಪರೇಷನ್ ಆದ ಮೇಲೆ ಕಮೋಡಿನ ಪಕ್ಕ ನೆಲಕ್ಕೆ ಊರುವ ಹಿಡಿಕಂಬಿ ಹಾಕಿಸಬೇಕಾಯಿತು. ಕೆಲಸದವನು ಡ್ರಿಲ್ ಹಿಡಿದು ಬಂದವನು ಟೈಲ್ಸ್ ನೋಡಿ ಹಿಂಜರಿದ. ಪೆಟ್ಟಿಗೆ ತೆಗೆದು ಫೋಟೊ ತೋರಿಸಿದೆ, ಗೋಡೆಯಿಂದ ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊರೆದ. ಹತ್ತಿರದ ಕೊಳವೆ ನಾಲ್ಕು ಇಂಚು ಆಚೆಗಿತ್ತು.

ಅಮ್ಮ ಈಗ ಅಡುಗೆಮನೆಯ ನೆಲ ಕೇಳುತ್ತಿದ್ದಾಳೆ. ಅಲ್ಲಿ ಒಡೆಯಲು ಕಾಂಕ್ರೀಟ್ ಇಲ್ಲ, ಮರದ ತೊಲೆಗಳ ಮೇಲೆ ಹಲಗೆ. ಕೆಳಗೆ ಬೇಸ್‌ಮೆಂಟಿನಲ್ಲಿ ನಿಂತು ತೊಲೆಗಳ ನಡುವೆ ಕೊಳವೆ ಹಾಯಿಸಿ, ಅಲ್ಯೂಮಿನಿಯಂ ತಗಡಿನಿಂದ ಹಲಗೆಗೆ ಒತ್ತಿ ಹಿಡಿಸುವ ವಿಧಾನವಿದೆ. ಮರದ ಮೂಲಕ ಶಾಖ ಹತ್ತಬೇಕಾದ್ದರಿಂದ ನೀರು ಇನ್ನೂ ಬಿಸಿ ಬೇಕು, ನೀರಿನ ಬಿಸಿ ಹದಮಾಡುವ ಬೇರೆ ಮಿಕ್ಸಿಂಗ್ ವಾಲ್ವ್ ಬೇಕು. ಪ್ಲಂಬರಿಗೆ ಫೋನು ಮಾಡಿದ್ದೆ. ಆಗಸ್ಟಿನಲ್ಲಿ ಬಂದು ತೊಲೆಗಳ ಅಳತೆ ತೆಗೆದುಕೊಳ್ಳುತ್ತಾರಂತೆ.